ಆ ಬೀಗ ತೆಗೆದರಾ?

ಕೊಡಿಗೇನಹಳ್ಳಿ

ಪರದೇಶಕ್ಕೆ ಹೊರಟವರಿಗೆ ಮನೆಯವರು ಸೆಂಟು ತಾ, ಚಾಕೊಲೇಟು ತಾ ಎಂದು ಹೇಳಿ ಕಳಿಸುವುದುಂಟು. ನನ್ನ ಚಿಕ್ಕಮ್ಮ ಹೇಳಿ ಕಳಿಸಿದ್ದು ಒಂದು ಪ್ರಶ್ನೆಯನ್ನು. "ಆ ಮಿಲ್ಲಿನ್ ಬಾಗ್ಲಿಗೆ ಹಾಕಿದ್ ಬೀಗ ತೆಗುದ್ರೋ ಇಲ್ವೋ, ಕೇಳ್ಕಂಡ್ ಬಾ" ಎಂದಳು. ಮುತ್ತಜ್ಜಿಯರ ಕಾಲದ ಒಂದು ಬೀಗದ ಸುದ್ದಿಗಾಗಿ ನಾನು ಇಂಗ್ಲೆಂಡಿಗೆ ಹೋಗಿ ಬರಬೇಕಾಯಿತು.

ಹಿಂದಿನದನ್ನು ಹೇಳದಿದ್ದರೆ ಇದರ ತಲೆಬುಡ ತಿಳಿಯುವುದಿಲ್ಲ. ನಾನು ಮಧುಗಿರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಸುಮ್ಮನೆ ಕೂತು ಟಿ.ವಿ. ನೋಡುವ ಜಾಯಮಾನ ನನ್ನದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಹೆಂಗಸೊಬ್ಬಳು ತನ್ನ ಹೆಸರು ಹಾಕದೆ ಬರೆದ ಕಾದಂಬರಿಯೊಂದನ್ನು ಕನ್ನಡಕ್ಕೆ ತರಲು ಹಿಡಿದೆ. ಅದು ಆಗ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದದ್ದು. ಅದರಲ್ಲಿ ಹತ್ತಿ ಗಿರಣಿಯಲ್ಲಿ ನೂಲುವ ಒಬ್ಬ ಹುಡುಗಿ ಇದ್ದಾಳೆ. ಹೆಣ್ಣಾಳುಗಳು ನೂಲು ಕದ್ದೊಯ್ಯುತ್ತಾರೆಂದು ಯಜಮಾನ ಕೆಲಸದ ಹೊತ್ತಿನಲ್ಲಿ ಹೊರಗಿನಿಂದ ಬೀಗ ಜಡಿಸುತ್ತಾನೆ. ಒಂದು ದಿನ ಒಳಗೆ ಬೆಂಕಿ ಬೀಳುತ್ತದೆ. ಬೀಗದ ಕೈ ಇಟ್ಟುಕೊಂಡವನು ಓಡಿ ಬರುವಷ್ಟರಲ್ಲಿ ಹುಡುಗಿಯ ಗೆಳತಿ ಸತ್ತಿರುತ್ತಾಳೆ. ಬೀಗ ತೆಗೆಸಿಯೇ ತೀರುತ್ತೇನೆಂದು ಹುಡುಗಿ ಗುಡ್ಡ ಹತ್ತಿ ಯಜಮಾನನ ಬಂಗಲೆಗೆ ಹೋಗುತ್ತಾಳೆ. ಆಮೇಲೆ ಕೊನೆಯ ಅಧ್ಯಾಯ. ಯಜಮಾನ ಅವಳ ಕತ್ತಿನ ಮೇಲಿನ ಮಚ್ಚೆ ನೋಡುತ್ತಾನೆ. ನೋಡಿದರೆ ಅವಳು ಎಳವೆಯಲ್ಲಿ ಕಳೆದುಹೋಗಿದ್ದ ಅವನ ಅಣ್ಣನ ಮಗಳು! ಅವಳಿಗೆ ರೇಷ್ಮೆ ಲಂಗ ಬರುತ್ತದೆ, ಪಿಯಾನೋ ಬರುತ್ತದೆ, ಒಳ್ಳೆಯ ಗಂಡನೂ ಬರುತ್ತಾನೆ. ಕಥೆ ಮುಗಿಯುತ್ತದೆ.

ಇನ್ನು ಚಿಕ್ಕಮ್ಮನ ವಿಷಯ. ಅವ್ವ ತೀರಿಕೊಂಡಾಗ ನಾನು ಕೂಸು. ಸಾಕಿದವಳು, ಓದಿಸಿದವಳು ಅವ್ವನ ತಂಗಿ ನರಸಮ್ಮ. ನಮ್ಮದು ಊರಾಚೆಯ ಕೇರಿ. ಈಗ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ, ಆಗ ಗೋಡೆಯೇ ನೆಟ್ಟಗಿರಲಿಲ್ಲ. ಚಿಕ್ಕಮ್ಮ ಕಡಲೆಕಾಯಿ ಮಿಲ್ಲಿಗೆ ಹೋಗಿ ಬೀಜ ಆರಿಸುತ್ತಿದ್ದಳು. ಆ ಹೊಟ್ಟಿನ ದೂಳು ಈಗಲೂ ಅವಳ ಎದೆಯಲ್ಲಿ ಕೆಮ್ಮಾಗಿ ಕೂತಿದೆ. ಆ ಮಿಲ್ಲಿಗೂ ಹೊರಗಿನಿಂದ ಬೀಗ ಇತ್ತು. ಸಂಜೆ ಬಾಗಿಲು ತೆಗೆದಾಗ ಹೆಂಗಸರು ಸಾಲಾಗಿ ಬಂದು ಹೊಸ್ತಿಲಲ್ಲಿ ನಿಂತು, ಬೀಜ ಕದ್ದಿಲ್ಲವೆಂದು ಸೆರಗು ಕೊಡವಿ, ಮಡಿಲು ಬಿಚ್ಚಿ ತೋರಿಸಿ ಮನೆಗೆ ಬರಬೇಕಿತ್ತು. ಬಸುರಿಯರನ್ನೂ ಹಾಗೇ ಬಿಡುತ್ತಿರಲಿಲ್ಲ.

ನಾನು ಅನುವಾದ ಮಾಡಿದ್ದನ್ನೆಲ್ಲ ಸಂಜೆ ಜಗಲಿಯ ಮೇಲೆ ಅವಳಿಗೆ ಓದಿ ಹೇಳುತ್ತಿದ್ದೆ. ಆ ಇಂಗ್ಲಿಷ್ ಹುಡುಗಿ ಅವಳಿಗೆ ಪಕ್ಕದ ಮನೆಯವಳಂತಾದಳು. "ಇವತ್ತೇನ್ ಮಾಡುದ್ಲು ನಮ್ ಹುಡ್ಗಿ?" ಎಂದು ಕೇಳಿಕೊಂಡೇ ಬಂದು ಕೂರುವಳು. ಕೊನೆಯ ಅಧ್ಯಾಯ ಓದಿ ಮುಗಿಸಿದ ದಿನ ನನ್ನ ಕಡೆ ತಿರುಗಿ ಕೂತಳು.

"ಬೀಗ ಏನಾಯ್ತು?" ಎಂದಳು.

"ಯಾವ ಬೀಗ?"

"ಅದೇ ಕಣಮ್ಮ, ಬಾಗ್ಲಿಗೆ ಹಾಕಿದ್ದು. ಅದುನ್ನ ತೆಗ್ಸಾಕೆ ತಾನೆ ಅವ್ಳು ಗುಡ್ಡ ಹತ್ತಿದ್ದು?"

ನಾನು ಪುಟ ತಿರುವಿದೆ. ಬೀಗದ ಮಾತು ಎಲ್ಲೂ ಇರಲಿಲ್ಲ. ಬರೆದವಳು ಅದನ್ನು ಮರೆತೇಬಿಟ್ಟಿದ್ದಳು. ಇಷ್ಟು ದಿನ ಒಂದೊಂದೇ ಸಾಲು ಅನುವಾದ ಮಾಡಿದ ನನಗೂ ಅದು ಹೊಳೆದಿರಲಿಲ್ಲ. ಸಿಟ್ಟು ಬಂತು. "ಆ ಕಾಲದೋರು ಅಂಗೇ ಬರೀತಿದ್ರು ಚಿಕ್ಕಮ್ಮ. ಕಥೆ ಅಂದ್ಮೇಲೆ ಚೆನ್ನಾಗ್ ಮುಗೀಬೇಕಲ್ಲ?" ಎಂದೆ.

"ಯಾರ್ಗೆ ಚೆನ್ನಾಗ್ ಮುಗೀತು? ಅವ್ಳು ದೊಡ್ಡೋರ್ ಮಗ್ಳು ಅಂತ ಗೊತ್ತಾಯ್ತು, ಒಳಿಕ್ ಕರ್ಕಂಡ್ರು. ಕೂಲಿಯೋಳ್ ಮಗ್ಳೇ ಆಗಿದ್ದಿದ್ರೆ? ಒಳಗಿರೋ ಹೆಣ್ ಮಕ್ಳು ಏನಾದ್ರು?" ಕೆಮ್ಮು ಬಂದು ನಿಲ್ಲಿಸಿದಳು. ಆಮೇಲೆ, "ಅದು ಗೊತ್ತಾಗೋ ಗಂಟ ಇದುನ್ನ ಅಚ್ಚು ಹಾಕಿಸ್ಬ್ಯಾಡ" ಎಂದಳು.

ತುಮಕೂರಿನ ಪ್ರಕಾಶಕರು ಹಸ್ತಪ್ರತಿ ಕೇಳುತ್ತಲೇ ಇದ್ದರು. ಆದರೆ ಯಾರಿಗೆ ಓದಿ ಹೇಳುತ್ತ ಇದನ್ನು ಕನ್ನಡಕ್ಕೆ ತಂದೆನೋ ಅವಳೇ ಬೇಡ ಎಂದ ಮೇಲೆ ನನ್ನ ಕೈ ಏಳಲಿಲ್ಲ. ಅಷ್ಟರಲ್ಲಿ ಆ ಕಾದಂಬರಿ ಹುಟ್ಟಿದ ಊರಿನ ಓದುಗರ ಕೂಟದಿಂದ ಕರೆ ಬಂತು. ತಮ್ಮ ಊರಿನ ಪುಸ್ತಕ ಕನ್ನಡಕ್ಕೆ ಹೋಗುತ್ತಿದೆಯೆಂದು ಅವರಿಗೆ ಯಾರಿಂದಲೋ ತಿಳಿದಿತ್ತು. ಚಳಿಗಾಲದ ಓದಿನ ಕೊನೆಗೆ ನೀವು ಬರಬೇಕು ಎಂದಿದ್ದರು.

ವಿಮಾನ ಇಳಿದ ಮೇಲೆ

ಊರು ಇಂಗ್ಲೆಂಡಿನ ಉತ್ತರಕ್ಕಿದೆ. ಸುತ್ತ ಗುಡ್ಡ, ನಡುವೆ ಕಣಿವೆ, ಕಣಿವೆಯಲ್ಲಿ ಮಸಿ ಹಿಡಿದ ಕಲ್ಲಿನ ಮನೆಗಳು. ಮಧುಗಿರಿಯಲ್ಲಿ ಎಲ್ಲಿ ನಿಂತರೂ ಬೆಟ್ಟ ಕಣ್ಣಿಗೆ ಬೀಳುವಂತೆ ಅಲ್ಲಿ ಎಲ್ಲಿ ನಿಂತರೂ ಗಿರಣಿಯ ಹೊಗೆಕೊಳವೆ ಕಾಣುತ್ತದೆ. ಅದರಿಂದ ಹೊಗೆ ಬಂದು ಎಷ್ಟೋ ಕಾಲವಾಯಿತಂತೆ. ಬಿಸಿಲಂತೂ ನಾನಿದ್ದಷ್ಟು ದಿನ ಮುಖ ತೋರಿಸಲಿಲ್ಲ. ಪಾವಗಡದ ಕಡೆ ಸೂರ್ಯನ ಬಿಸಿಲಿನಿಂದ ಕರೆಂಟು ತೆಗೆಯುತ್ತಾರೆಂದು ಹೇಳಿದರೆ ಅಲ್ಲಿನವರು ಅದನ್ನು ಪುರಾಣ ಕೇಳಿದ ಹಾಗೆ ಕೇಳಿದರು.

ನನ್ನನ್ನು ಮನೆಯಲ್ಲಿಟ್ಟುಕೊಂಡವರು ಈಡಿತ್ ಎಂಬ ಮುದುಕಿ. ವಯಸ್ಸಿನಲ್ಲಿ ಚಿಕ್ಕಮ್ಮನ ಓರಗೆ. ಗಿರಣಿ ಮುಚ್ಚುವವರೆಗೂ ಅದರಲ್ಲಿ ದುಡಿದವರು. ಅವರ ಇಂಗ್ಲಿಷು ನಾನು ಕ್ಲಾಸಿನಲ್ಲಿ ಪಾಠ ಹೇಳಿದ ಇಂಗ್ಲಿಷಲ್ಲ, ಮೊದಲ ದಿನ ಅರ್ಧವೂ ತಿಳಿಯಲಿಲ್ಲ. ಮಾತನ್ನು ಅರ್ಧಕ್ಕೇ ನುಂಗುವುದು, ಎಳೆಯುವುದು, ಎಲ್ಲಾ ನಮ್ಮ ಕೇರಿಯವರ ಹಾಗೇ. ಅದಕ್ಕೇ ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಪೇಟೆಯ ಕನ್ನಡದಲ್ಲಿ ಬರೆದರೆ ಅದು ಈಡಿತ್ ಆಗುವುದಿಲ್ಲ.

ಅಲ್ಲಿನ ಜನರ ರೀತಿಗೆ ಒಗ್ಗಲು ಹೊತ್ತು ಹಿಡಿಯಿತು. ಬಸ್ ಸ್ಟಾಪಿನಲ್ಲಿ ಒಬ್ಬರೇ ಇದ್ದರೂ ಕ್ಯೂ ನಿಂತಂತೆ ನಿಲ್ಲುತ್ತಾರೆ. ಸಿರಾ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ನಿಂತರೆ ಸಂಜೆಯಾದರೂ ಬಸ್ ಹತ್ತುವುದು ಅನುಮಾನ. ಬಸ್ಸಿನಲ್ಲಿ ನಾನು ಒಬ್ಬರ ಕಾಲು ತುಳಿದರೆ ಅವರೇ ನನಗೆ ಸಾರಿ ಹೇಳಿದರು. ಟಿಕೆಟ್ ಕೊಟ್ಟ ಡ್ರೈವರು ನನ್ನನ್ನು "ಲವ್" ಎಂದು ಕರೆದಾಗ ಗಾಬರಿಯಾಗಿ ಸೆರಗು ಹೊದ್ದುಕೊಂಡೆ. ಈಡಿತ್ ಬಿದ್ದು ಬಿದ್ದು ನಕ್ಕರು. ನಮ್ಮಲ್ಲಿ ಗೊತ್ತಿಲ್ಲದವರನ್ನೂ "ಬಾ ತಾಯಿ" ಎನ್ನುತ್ತೇವಲ್ಲ, ಇದೂ ಅಷ್ಟೇ ಎಂದು ಆಮೇಲೆ ತಿಳಿಯಿತು.

ಚಿಕ್ಕಮ್ಮ ಕೂಟದವರಿಗೆಂದು ಹುರಿದ ಕಡಲೆಕಾಯಿ ಕಟ್ಟಿಕೊಟ್ಟಿದ್ದಳು. ಅವರು ಸೇರುವ ಓದುವ ಕೋಣೆಯ ಬಾಗಿಲಲ್ಲೇ ಒಂದು ಬೋರ್ಡು: ಕಡಲೆಬೀಜ ಗೀಜ ಒಳಗೆ ತರಬಾರದು, ಕೆಲವರಿಗೆ ಮೈಗೆ ಆಗುವುದಿಲ್ಲ. ನನಗೆ ಅಳು ಬರುವಂತಾಯಿತು. ಈಡಿತ್ ಗಂಟನ್ನು ಮನೆಗೆ ಒಯ್ದು, ಒಲೆಯ ಮುಂದೆ ಕೂತು ಸುಲಿದು ತಿಂದರು. "ನಿಮ್ ಚಿಕ್ಕಮ್ಮ ಆರ್ಸಿದ್ದಾ ಇವು? ಒಂದೂ ಕೆಟ್ಟದ್ದಿಲ್ಲ ನೋಡು" ಎಂದರು. ಊರಿಗೆ ಬಂದ ಮೇಲೆ ಚಿಕ್ಕಮ್ಮನಿಗೆ ನಾನು ಹೇಳಿದ ಮೊದಲ ಸುದ್ದಿ ಅದೇ.

ಗಿರಣಿ

ಮಾರನೆಯ ದಿನ ಒಬ್ಬಳೇ ಗಿರಣಿ ನೋಡಲು ಹೋದೆ. ಅದೀಗ ಅನುಕೂಲಸ್ಥರ ಅಪಾರ್ಟ್‌ಮೆಂಟು. ನೂಲುವ ಯಂತ್ರಗಳಿದ್ದ ಕಡೆ ಅಡುಗೆಮನೆಗಳು, ಕಿಟಕಿಯಲ್ಲಿ ಹೂಕುಂಡಗಳು. ಗೋಡೆಯ ಮೇಲೊಂದು ಫಲಕ. ಇಲ್ಲಿನ ದುಡಿಯುವ ಹೆಂಗಸರ ಪಾಡನ್ನು ಒಂದು ಕಾದಂಬರಿ ನಾಡಿಗೆ ತಿಳಿಸಿತು, ಅದನ್ನು ಓದಿದವರ ಮನಸ್ಸು ಕರಗಿತು ಎಂದು ಬರೆದಿತ್ತು. ಬೀಗದ ಮಾತು ಅಲ್ಲೂ ಇರಲಿಲ್ಲ.

ನಾಯಿ ಹಿಡಿದುಕೊಂಡು ಹೊರಬಂದ ಒಬ್ಬನನ್ನು ನಿಲ್ಲಿಸಿ, "ಈ ಬಾಗಿಲಿಗೆ ಒಂದು ಬೀಗ ಇತ್ತಲ್ಲ, ಅದನ್ನು ತೆಗೆದದ್ದು ಯಾವಾಗ?" ಎಂದು ಕೇಳಿದೆ. ನಾನು ಮನೆಯ ಬೀಗದ ಕೈ ಕಳೆದುಕೊಂಡಿದ್ದೇನೆ ಎಂದುಕೊಂಡು ಅವನು ಪಾಪ, ಬಾಗಿಲು ಹಿಡಿದು ನಿಂತ. ಒಳಗೆ ಹೋಗಿ ಬೆಚ್ಚಗೆ ಕೂತಿರಿ, ಯಾರನ್ನಾದರೂ ಕರೆಸೋಣ ಎಂದ. ನಾನು ಬೇಡವೆಂದಷ್ಟೂ ಅವನ ಮರುಕ ಹೆಚ್ಚಾಯಿತು. ಕೊನೆಗೆ ನಾನೇ ಅಲ್ಲಿಂದ ಕಾಲು ಕಿತ್ತೆ.

ಬರುವ ದಾರಿಯಲ್ಲಿ ಮನಸ್ಸು ಭಾರವಾಯಿತು. ಮನಸ್ಸು ಕರಗಿದ್ದು ಯಾರದು? ಒಲೆಯ ಮುಂದೆ ಕೂತು ಕಂತು ಓದಿದ ಬಂಗಲೆಯವರದು. ಅವರು ಅತ್ತದ್ದು ಸುಳ್ಳಲ್ಲ. ಗಿರಣಿಯ ಹೆಣ್ಣೊಬ್ಬಳು ಅಚ್ಚಿನ ಅಕ್ಷರದಲ್ಲಿ ಅವರ ಮನೆಯೊಳಗೆ ಕಾಲಿಟ್ಟಿದ್ದೇ ಆಗ ದೊಡ್ಡ ಸಂಗತಿ. ಆದರೆ ಒಳಗೆ ಬಂದವಳನ್ನು ಕೂರಿಸಬೇಕಾದರೆ ಅವಳು ತಮ್ಮವಳೇ ಆಗಿರಬೇಕಿತ್ತು. ಅದಕ್ಕೊಂದು ಮಚ್ಚೆ ಬೇಕಾಯಿತು. ಬರೆದವಳ ಮೇಲೆ ನನಗೆ ಕೋಪವೂ ಬಂತು, ಕನಿಕರವೂ ಆಯಿತು. ತನ್ನ ಹೆಸರು ಹಾಕುವ ಧೈರ್ಯವೇ ಇಲ್ಲದ ಕಾಲದಲ್ಲಿ ಅವಳು ಎಷ್ಟು ದೂರ ಬಂದಾಳು? ಅದೇ ಕಾಲದಲ್ಲಿ ನಮ್ಮ ಕೇರಿಯ ಹೆಂಗಸರ ಬಗ್ಗೆ ಬರೆಯುವುದಿರಲಿ, ಅವರನ್ನು ಓದಿನ ಹತ್ತಿರಕ್ಕೂ ಯಾರೂ ಬಿಡುತ್ತಿರಲಿಲ್ಲ.

ಓದುವ ಕೋಣೆ

ಗಿರಣಿಯ ಆಳುಗಳು ತಾವೇ ಕಾಸು ಕೂಡಿಸಿ ಕಟ್ಟಿಸಿಕೊಂಡ ಕೋಣೆಯಂತೆ ಅದು. ಉದ್ದನೆಯ ಬೆಂಚುಗಳು, ಒಂದು ಎತ್ತರದ ಮೇಜು. ಪ್ರತಿ ಚಳಿಗಾಲದಲ್ಲೂ ವಾರಕ್ಕೊಮ್ಮೆ ಸೇರಿ ಆ ಕಾದಂಬರಿಯನ್ನು ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಊರಿಗೆ ಬಂದ ಅತಿಥಿಗೆ ಕೊನೆಯ ದಿನದ ಓದು. "ಕೊನೆಗೆ ಏನು ಮಾಡಬೇಕು ಅಂತ ನಿಮಗೆ ಗೊತ್ತಲ್ಲ?" ಎಂದು ಕೂಟದ ಹಿರಿಯರೊಬ್ಬರು ಕೇಳಿದರು. ಗೊತ್ತು ಎಂದು ತಲೆಯಾಡಿಸಿದೆ. ಓದಿ ಮುಗಿಸುವುದು, ಪುಸ್ತಕ ಮುಚ್ಚುವುದು, ಮತ್ತೇನಿದೆ?

ಹೊರಗೆ ಜಡಿಮಳೆ. ಹಾಗಿದ್ದರೂ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ಒಂದು ಕಲ್ಲು ಅಡ್ಡ ಇಟ್ಟಿದ್ದರು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಬಾಗಿಲು ಹಾಕಬಾರದೇ ಎಂದು ಈಡಿತ್ ಕಿವಿಯಲ್ಲಿ ಕೇಳಿದೆ. "ಆಮ್ಯಾಕೆ ಗೊತ್ತಾಯ್ತದೆ ಬುಡು" ಎಂದು ತಮ್ಮ ಶಾಲನ್ನೇ ನನಗೆ ಹೊದಿಸಿದರು.

ಓದಿದೆ. ಬೆಂಕಿ, ಹೊಗೆ, ಗೆಳತಿಯ ಸಾವು, ಗುಡ್ಡ ಹತ್ತುವ ಹುಡುಗಿ. ಯಾರೂ ಅಲುಗಾಡಲಿಲ್ಲ. ನನ್ನ ಉಚ್ಚಾರಣೆಯ ಭಯ ಹೋಗಿ ಗಂಟಲು ತೆರೆಯಿತು. ಪುಟ ತಿರುವಿ ಕೊನೆಯ ಅಧ್ಯಾಯದ ಮೊದಲ ಸಾಲು ಓದಿದೆ. ಎದುರಿಗಿದ್ದ ಮುದುಕ ಎದ್ದು ಟೋಪಿ ಹಾಕಿಕೊಂಡು ಹೊರಗೆ ನಡೆದ. ಅವನ ಹಿಂದೆ ಇಬ್ಬರು ಹೆಂಗಸರು. ಆಮೇಲೆ ಒಂದೊಂದೇ ಬೆಂಚು ಖಾಲಿಯಾಯಿತು. ಈಡಿತ್ ಕೂಡ ಕೋಲು ಊರಿಕೊಂಡು ಎದ್ದರು. ನನ್ನ ಕಡೆ ನೋಡಿ ತಲೆದೂಗಿ ಹೊರಟುಹೋದರು.

ಮುಖಕ್ಕೆ ಹೊಡೆದಂತಾಯಿತು. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ, ಸ್ಟಾಫ್ ರೂಮಿನ ಬೆಂಚಿನ ಮೇಲೆ ನಾನು ಕೂತರೆ ಇಬ್ಬರು ಏನೋ ನೆನಪಾದವರಂತೆ ಎದ್ದು ಹೋಗುತ್ತಿದ್ದರು. ಯಾರೂ ಒಂದು ಮಾತೂ ಆಡುತ್ತಿರಲಿಲ್ಲ, ಎದ್ದು ಹೋಗುತ್ತಿದ್ದರು ಅಷ್ಟೇ. ಸಮುದ್ರ ದಾಟಿ ಬಂದರೂ ಅದೇ ಆಯಿತಲ್ಲ ಎಂದು ಕಣ್ಣು ಮಂಜಾಯಿತು.

ಆದರೂ ನಿಲ್ಲಿಸಲಿಲ್ಲ. ಅದಕ್ಕೆ ಕಾರಣ ನಮ್ಮೂರು. ಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ಪುರಾಣ ಓದಿಸುತ್ತಿದ್ದರು. ಊರವರು ಗುಡಿಯ ಮುಂದೆ ಕೂರುವರು, ನಮ್ಮ ಕೇರಿಯವರು ಚರಂಡಿಯ ಈಚೆ ನಿಂತೇ ಕೇಳುವರು. ಓದು ಹಿಡಿದ ಮೇಲೆ ಮಂಗಳ ಹಾಡುವವರೆಗೆ ಓದುವವನು ನಿಲ್ಲಿಸುವಂತಿಲ್ಲ, ಕೇಳುವವರು ಕದಲುವಂತಿಲ್ಲ. ನಡುವೆ ಬಿಟ್ಟರೆ ಮಳೆ ಮುನಿಯುತ್ತದೆ ಎಂದು ನನ್ನ ಅಜ್ಜಿ ಕಾಲು ಸೋತರೂ ನಿಂತೇ ಇರುತ್ತಿದ್ದಳು. ಆ ಅಜ್ಜಿಯ ಮೊಮ್ಮಗಳು ನಾನು. ಖಾಲಿ ಬೆಂಚುಗಳಿಗೆ ಮಚ್ಚೆಯನ್ನೂ ಓದಿದೆ, ರೇಷ್ಮೆ ಲಂಗವನ್ನೂ ಓದಿದೆ, ಪಿಯಾನೋವನ್ನೂ ಮದುವೆಯನ್ನೂ ಓದಿದೆ. ಪುಸ್ತಕ ಮುಚ್ಚಿ, ಕಣ್ಣು ಒರೆಸಿಕೊಂಡು ಹೊರಗೆ ಬಂದೆ.

ಅಂಗಳ

ಎಲ್ಲರೂ ಅಲ್ಲೇ ಇದ್ದರು! ಕಲ್ಲಿನ ಅಂಗಳದಲ್ಲಿ, ಸುರಿಯುವ ಮಳೆಯಲ್ಲಿ, ಕೊಡೆಗಳ ಕೆಳಗೆ ಗುಂಪಾಗಿ ನಿಂತು ನನಗಾಗಿ ಕಾಯುತ್ತಿದ್ದರು. ಟೋಪಿಯ ಮುದುಕನ ಮೂಗು ಕೆಂಪಗಾಗಿತ್ತು.

"ಯಾಕಮ್ಮ ಒಬ್ಳೇ ಓದ್ತಾ ಕುಂತ್ಕಂಡೆ?" ಎಂದು ಈಡಿತ್ ಕೇಳಿದರು.

"ನೀವೆಲ್ಲ ಯಾಕೆ ಎದ್ದು ಬಂದಿರಿ?" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನನಗೆ ಹೇಳಿಯೇ ಇರಲಿಲ್ಲವೆಂದು ಆಗ ಅವರಿಗೆ ಗೊತ್ತಾಯಿತು. ಕೊನೆಯ ಅಧ್ಯಾಯದ ಮೊದಲ ಸಾಲಿಗೆ ಕೇಳುವವರೆಲ್ಲ ಎದ್ದು ಹೊರಡುವುದು, ಓದುವವರೂ ಅಲ್ಲಿಗೇ ಪುಸ್ತಕ ಮುಚ್ಚಿ ಹಿಂದೆಯೇ ಬರುವುದು ಅವರ ಪದ್ಧತಿ. ಒಳಗೆ ನಾನು ಓದುತ್ತಲೇ ಇದ್ದಾಗ, ಹೋಗಿ ನಿಲ್ಲಿಸಿದರೆ ಅತಿಥಿಗೆ ಅವಮಾನವಾದೀತೆಂದು ಅಷ್ಟು ಹೊತ್ತೂ ಮಳೆಯಲ್ಲಿ ನೆನೆದಿದ್ದರು. ಟೋಪಿಯ ಮುದುಕ ನನಗೆ ಸಾರಿ ಹೇಳಿದ. ನಾನು ಅವನಿಗೆ ಸಾರಿ ಹೇಳಿದೆ. ಎಲ್ಲರೂ ಎಲ್ಲರಿಗೂ ಸಾರಿ ಹೇಳಿದೆವು.

ಮನೆಗೆ ಬಂದು ಬೆಂಕಿಯ ಮುಂದೆ ಕೂತ ಮೇಲೆ ಈಡಿತ್ ಪೂರ್ತಿ ಹೇಳಿದರು. "ಆಗ ಗಿರಣಿ ಹೆಂಗಸ್ರಿಗೆ ಓದಾಕ್ ಬರ್ತಿರ್ಲಿಲ್ಲ. ಅಕ್ಸರ ಬರೋಳೊಬ್ಳು ವಾರ ವಾರ ಪತ್ರಿಕೆ ತಂದು ಓದೋಳು, ಮಿಕ್ಕೋರು ಕೇಳೋರು. ನಮ್ ಕಥೆ ನಮ್ ಕಥೆ ಅಂತ ಕುಣಿದಾಡ್ತಿದ್ರಂತೆ. ಕೊನೇ ವಾರ ಮಚ್ಚೆ ಬಂತಲ್ಲ, ಒಬ್ಳು ವಯಸ್ಸಾದೋಳು ಎದ್ಲಂತೆ. ಇನ್ ಇದು ನಮ್ದಲ್ಲ ಅಂದ್ಬುಟ್ಟು ಹೊರಿಕ್ ಹೋದ್ಲು. ಎಲ್ರೂ ಅವಳಿಂದೆ ಹೋದ್ರು."

"ಬೀಗ ತೆಗೆದರಾ?" ಎಂದು ಕೇಳಿದೆ. ಅದನ್ನು ಯಾರು ಕೇಳಿ ಕಳಿಸಿದ್ದು ಎಂದೂ ಹೇಳಿದೆ.

ಈಡಿತ್ ಬೆಂಕಿಯನ್ನೇ ನೋಡುತ್ತಿದ್ದರು. "ನಿಮ್ ಚಿಕ್ಕಮ್ಮಂಗೆ ಸುಳ್ಳು ಹೇಳ್ಬ್ಯಾಡ. ಅವಾಗ ತೆಗೀಲಿಲ್ಲ. ಮಾರ್ನೇ ದಿನ ಬೆಳಿಗ್ಗೆ ಹೆಂಗಸ್ರೆಲ್ಲ ಗಿರಣಿ ಮುಂದೆ ನಿಂತ್ಕಂಡ್ರು. ಬೀಗ ತೆಗ್ಯೋ ಗಂಟ ಒಳಿಕ್ ಬರಾಕಿಲ್ಲ ಅಂದ್ರು. ನೆನಕಂಡು ನಿಂತ್ರು. ಹೊಟ್ಟೆ ಕೇಳ್ಬೇಕಲ್ಲ? ಒಬ್ಬೊಬ್ರೇ ಒಳಿಕ್ ಹೋದ್ರು. ಬೀಗ ಹೋಗಿದ್ದು ಎಷ್ಟೋ ವರ್ಸ ಆದ್ಮ್ಯಾಕೆ, ಕಾನೂನು ಬಂದು. ಅಷ್ಟೊತ್ಗೆ ನಿಂತೋರೆಲ್ಲ ಮಣ್ಣಾಗಿದ್ರು. ಇದುನ್ನ ನಮ್ಮಜ್ಜಿಗೆ ಅವ್ರಜ್ಜಿ ಹೇಳಿದ್ದು. ಪುರಾವೆ ಗಿರಾವೆ ಕೇಳ್ಬ್ಯಾಡ."

ಬಾಗಿಲು ತೆರೆದಿಡುವುದು ಅವತ್ತಿನಿಂದ ಬಂದ ಪದ್ಧತಿಯಂತೆ. ಎಂಥ ಚಳಿಗಾಲದಲ್ಲೂ ಆ ಪುಸ್ತಕ ಓದುವಾಗ ಅದನ್ನು ಮುಚ್ಚುವುದಿಲ್ಲ.

ಮತ್ತೆ ಕೊಡಿಗೇನಹಳ್ಳಿ

ಚಿಕ್ಕಮ್ಮನಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ತಾನಾಗಿ ಮಂಡಿ ನೀವಿಕೊಳ್ಳುತ್ತಿತ್ತು. "ಅವ್ರು ಎದ್ದೋದ್ರಾ?" ಎಂದು ಮತ್ತೆ ಮತ್ತೆ ಕೇಳಿದಳು. "ನಾವು ಒಂದು ದಿವ್ಸಾನೂ ಎದ್ದೋಗ್ಲಿಲ್ಲ ಕಣಮ್ಮ" ಎಂದಳು. ಅಚ್ಚಿನ ವಿಷಯ ಎತ್ತಿದೆ. "ಮೊದ್ಲು ಎಲ್ರುನೂ ಕರ್ದು ಓದು, ನೋಡಾನ" ಎಂದಳು.

ಕೇರಿಯ ಸಮುದಾಯ ಭವನದಲ್ಲಿ ಸಂಜೆಗಳಲ್ಲಿ ಓದು ನಡೆಯಿತು. ಚಿಕ್ಕಮ್ಮನ ಜೊತೆ ಮಿಲ್ಲಿಗೆ ಹೋಗುತ್ತಿದ್ದವರಲ್ಲಿ ಉಳಿದವರು ಬಂದರು. ಅವರ ಸೊಸೆಯರು ಬಂದರು. ಪಾವಗಡದ ಕಡೆ ತೆಲುಗು ಮಾತಾಡುವ ರಾಯಚರ್ಲಿನಿಂದ ಮದುವೆಯಾಗಿ ಬಂದಿರುವ ಲಕ್ಷ್ಮಕ್ಕ ಬೆಂಕಿಯ ಅಧ್ಯಾಯಕ್ಕೆ "ಅಯ್ಯೋ ದೇವುಡಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಬಾಗಿಲು ತೆರೆದೇ ಇತ್ತು. ನಮ್ಮ ಸೆಕೆಗೆ ಅದನ್ನು ಯಾರೂ ಹಾಕುವುದೂ ಇಲ್ಲ.

ಕೊನೆಯ ಸಂಜೆ ಹುಡುಗಿ ಗುಡ್ಡ ಹತ್ತಿದಳು. ಪುಟ ತಿರುವಿ ಮುಂದಿನ ಅಧ್ಯಾಯದ ಮೊದಲ ಸಾಲು ಓದಿದೆ. ಚಿಕ್ಕಮ್ಮನ ಹೊರತು ಯಾರಿಗೂ ಏನೂ ಹೇಳಿರಲಿಲ್ಲ. ವಯಸ್ಸಾದವರು ಕದಲಲಿಲ್ಲ. ಮಂಗಳವಾಗದೆ ಏಳಬಾರದೆಂದು ಬೆಳೆದ ಜೀವಗಳು ಅವು.

"ಲೇ ಲಕ್ಷ್ಮಕ್ಕ, ನನ್ನ ಎತ್ತಮ್ಮಿ" ಎಂದಳು ಚಿಕ್ಕಮ್ಮ.

ಲಕ್ಷ್ಮಕ್ಕ ರೆಟ್ಟೆ ಹಿಡಿದು ಎಬ್ಬಿಸಿದಳು. ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದಳು. ಹೊಸ್ತಿಲಲ್ಲಿ ನಿಂತಳು. ಅವಳ ಕೈ ತಾನಾಗಿ ಸೆರಗಿನ ಅಂಚಿಗೆ ಹೋಯಿತು. ಕೊಡವಲು ಹಿಡಿದಳು. ಹಾಗೇ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಸೆರಗು ಬಿಟ್ಟು ಹೊಸ್ತಿಲು ದಾಟಿದಳು. ಅವಳ ಹಿಂದೆ ಮಿಲ್ಲಿನ ಹೆಂಗಸರು ಒಬ್ಬೊಬ್ಬರೇ ಎದ್ದರು.

ಈ ಸಲ ನಾನು ಅಲ್ಲಿಗೇ ಹಸ್ತಪ್ರತಿ ಮುಚ್ಚಿದೆ. ಹೊರಗೆ ಬಂದಾಗ ಅವಳು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು.

"ಕೊಡವ್ಲಿಲ್ಲ, ನೋಡ್ದ್ಯಾ?" ಎಂದಳು.

"ನೋಡ್ದೆ ಚಿಕ್ಕಮ್ಮ."

"ಇನ್ನ ಅಚ್ಚಿಗೆ ಕೊಡು" ಎಂದಳು.